ರಾಗಿಯ ರಕ್ಷಕ ಪ್ರೋಟೀನು ಮತ್ತು ಗಣಕದ ಸಾಕ್ಷ್ಯ: ಒಂದು ವಿಮರ್ಶೆ

೧

ಬೆಂಗಳೂರಿನಿಂದ ಬಳ್ಳಾರಿ ರಸ್ತೆಯನ್ನು ಹಿಡಿದು ಉತ್ತರಕ್ಕೆ ಹೊರಟವರಿಗೆ ಹೆಬ್ಬಾಳ, ಯಲಹಂಕಗಳು ಕಳೆದ ಮೇಲೆ ಚಿಕ್ಕಜಾಲ ಎದುರಾಗುತ್ತದೆ. ಹಳೆಯ ಕೋಟೆಯೊಂದರ ಅವಶೇಷ, ಕೆಮ್ಮಣ್ಣಿನ ಹೊಲ, ಮಳೆಯನ್ನೇ ನಂಬಿದ ರಾಗಿಯ ಪೈರು ಇವು ಈ ಸೀಮೆಯ ಹಳೆಯ ಗುರುತುಗಳು. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದ ಮೇಲೆ ರಸ್ತೆಯ ಇಕ್ಕೆಲಗಳ ಹೊಲಗಳಲ್ಲಿ ಅನೇಕವು ನಿವೇಶನಗಳಾದುವು. ಆದರೂ ಒಳದಾರಿಗಳಲ್ಲಿ ನಡೆದರೆ ಇಂದಿಗೂ ತೆನೆ ಬಾಗಿದ ರಾಗಿಯನ್ನು ಕಾಣಬಹುದು. ಇದೇ ರಸ್ತೆಯ ಮೇಲೆ, ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ, ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರವಿದೆ. ಅದರ ಆವರಣದಲ್ಲಿಯೇ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೂ ಇದೆ. ರಾಗಿಯನ್ನು ಹೊಲದಲ್ಲಿ ನೋಡುವವರೂ ಪ್ರೋಟೀನನ್ನು ಗಣಕಯಂತ್ರದ ತೆರೆಯ ಮೇಲೆ ನೋಡುವವರೂ ಒಂದೇ ದಾರಿಯಲ್ಲಿ ಓಡಾಡುತ್ತಾರೆಂದು ಹೇಳಿದರೆ ಅದು ಅಲಂಕಾರದ ಮಾತಲ್ಲ.

ಈಚಿನ ವರ್ಷಗಳಲ್ಲಿ ಧಾನ್ಯಗಳ ರಕ್ಷಕ ಪ್ರೋಟೀನುಗಳನ್ನು, ಎಂದರೆ ಕೀಟ ಶಿಲೀಂಧ್ರಗಳಿಂದ ಪೈರನ್ನೂ ಕಾಳನ್ನೂ ಕಾಪಾಡುವುವೆಂದು ತಿಳಿದಿರುವ ಸಸಾರಜನಕ ಪದಾರ್ಥಗಳನ್ನು, ಗಣಕದ ನೆರವಿನಿಂದ ಅಭ್ಯಾಸ ಮಾಡುವ ಪ್ರಬಂಧಗಳು ಹೇರಳವಾಗಿ ಬರುತ್ತಿವೆ. ನಮ್ಮಂಥ ವಿಭಾಗಗಳಲ್ಲಿ ಇವುಗಳಿಗೆ ವಿಶೇಷ ಆಕರ್ಷಣೆಯುಂಟು. ಬೆಲೆಬಾಳುವ ಉಪಕರಣ ಬೇಡ, ಋತುವಿಗಾಗಿ ಕಾಯಬೇಕಾಗಿಲ್ಲ. ವಿದ್ಯಾರ್ಥಿಯೊಬ್ಬನು ಒಂದು ಅರ್ಧವರ್ಷದಲ್ಲಿ ಕೆಲಸವನ್ನು ಮುಗಿಸಬಲ್ಲನು. ಇದನ್ನು ನಾವು ಸಂತೋಷದಿಂದಲೇ ಕಾಣುತ್ತೇವೆ. ಆದರೆ ಇಂಥ ಪ್ರಬಂಧಗಳು ತಲಪುವ ತೀರ್ಮಾನಗಳಿಗೆ ಸಾಕ್ಷ್ಯದ ಬಲ ಎಷ್ಟಿದೆ ಎಂಬ ಪ್ರಶ್ನೆಯನ್ನು ಸಾಕಷ್ಟು ಕೇಳಿದಂತೆ ತೋರುವುದಿಲ್ಲ. ಪ್ರಕೃತ ಲೇಖನದ ಉದ್ದೇಶ ಆ ಪ್ರಶ್ನೆಯನ್ನು ಕೇಳುವುದು. ಒರೆಗಲ್ಲಾಗಿ ನಮ್ಮ ನಾಡಿನ ಧಾನ್ಯವಾದ ರಾಗಿಯದೇ ಒಂದು ಪ್ರೋಟೀನನ್ನು ಆರಿಸಿಕೊಂಡಿದ್ದೇವೆ. ಅದರ ಚರಿತ್ರೆ ಚೆನ್ನಾಗಿ ತಿಳಿದಿದೆ; ಅದರ ಮೊದಲ ಅಧ್ಯಾಯವು ಕರ್ನಾಟಕದಲ್ಲಿಯೇ ನಡೆಯಿತು.

೨

ಕಾಳನ್ನು ತಿನ್ನುವ ಹುಳುವು ಬದುಕಬೇಕಾದರೆ ಅದರ ಕರುಳಿನಲ್ಲಿ ಎರಡು ಬಗೆಯ ಕಿಣ್ವಗಳು ಕೆಲಸಮಾಡಬೇಕು: ಪಿಷ್ಟವನ್ನು ಒಡೆಯುವ ಅಮೈಲೇಸ್ ಒಂದು, ಪ್ರೋಟೀನನ್ನು ಒಡೆಯುವ ಟ್ರಿಪ್ಸಿನ್‌ನಂಥದು ಇನ್ನೊಂದು. ಈ ಎರಡನ್ನೂ ತಡೆಯುವ ಪದಾರ್ಥವೊಂದು ರಾಗಿಯ ಕಾಳಿನಲ್ಲಿದೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಬಿ. ಶಿವರಾಜ್ ಮತ್ತು ಟಿ. ಎನ್. ಪಟ್ಟಾಭಿರಾಮನ್ ಅವರು ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ, ೧೯೮೧ರಲ್ಲಿ ಅದರ ಗುಣಗಳನ್ನು ವಿವರಿಸಿದರು. ಎರಡು ಕಿಣ್ವಗಳನ್ನು ತಡೆಯುವುದು ಎರಡು ಪ್ರೋಟೀನುಗಳ ಮಿಶ್ರಣವೋ, ಅಥವಾ ಒಂದೇ ಪ್ರೋಟೀನೋ? ಒಂದೇ ಆದರೆ, ಎರಡು ಕೆಲಸಗಳೂ ಅದರ ಒಂದೇ ಜಾಗದಿಂದ ನಡೆಯುತ್ತವೆಯೋ, ಬೇರೆ ಬೇರೆ ಜಾಗಗಳಿಂದಲೋ? ಅವರ ಮುಂದಿದ್ದ ಪ್ರಶ್ನೆ ಇದು.

ಆಗ ಆ ಅಣುವಿನ ಆಕೃತಿ ಯಾರಿಗೂ ತಿಳಿದಿರಲಿಲ್ಲ. ಅದರಲ್ಲಿ ಅಮೈನೋ ಆಮ್ಲಗಳು ಯಾವ ಕ್ರಮದಲ್ಲಿ ಕೂಡಿವೆಯೆಂಬುದೂ ತಿಳಿದಿರಲಿಲ್ಲ. ಅವರು ಅನುಸರಿಸಿದ ಮಾರ್ಗ ಸರಳವಾದುದು, ಆದರೆ ಚತುರವಾದುದು. ಆರ್ಜಿನೀನ್ ಎಂಬ ಅಮೈನೋ ಆಮ್ಲವನ್ನು ಮಾತ್ರ ಮಾರ್ಪಡಿಸುವ ರಾಸಾಯನಿಕವನ್ನು ಪ್ರಯೋಗಿಸಿದರು. ಟ್ರಿಪ್ಸಿನ್ನನ್ನು ತಡೆಯುವ ಶಕ್ತಿ ನಷ್ಟವಾಯಿತು, ಅಮೈಲೇಸನ್ನು ತಡೆಯುವ ಶಕ್ತಿ ಬಹುಮಟ್ಟಿಗೆ ಉಳಿಯಿತು. ಅಮೈನೋ ಗುಂಪುಗಳನ್ನು ಮುಚ್ಚುವ ಇನ್ನೊಂದು ರಾಸಾಯನಿಕವನ್ನು ಪ್ರಯೋಗಿಸಿದರು. ಈ ಸಲ ಅಮೈಲೇಸನ್ನು ತಡೆಯುವ ಶಕ್ತಿ ಹೋಯಿತು, ಟ್ರಿಪ್ಸಿನ್ನಿನ ಕಡೆಯ ಶಕ್ತಿ ಭಾಗಶಃ ಮಾತ್ರ ತಗ್ಗಿತು. ಇಷ್ಟೇ ಅಲ್ಲದೆ, ಟ್ರಿಪ್ಸಿನ್, ಅಮೈಲೇಸ್, ರಾಗಿಯ ಪ್ರೋಟೀನು ಮೂರೂ ಏಕಕಾಲದಲ್ಲಿ ಕೂಡಿ ಒಂದು ಸಂಯುಕ್ತವಾಗುವುದನ್ನೂ ತೋರಿಸಿಕೊಟ್ಟರು. ಒಂದೇ ಅಣು, ಎರಡು ಬೇರೆ ಬೇರೆ ಸ್ಥಾನಗಳು. ಒಂದೇ ಆಳು ಎರಡು ಬಾಗಿಲುಗಳಿಗೂ ಏಕಕಾಲದಲ್ಲಿ ಬೀಗ ಹಾಕಬಲ್ಲನು ಎಂಬುದು ಅವರ ತೀರ್ಮಾನ.

ಮುಂದಿನ ಅಧ್ಯಾಯಗಳು ಹೊರನಾಡಿನಲ್ಲಿ ನಡೆದುವು. ೧೯೮೩ರಲ್ಲಿ ಇಂಗ್ಲೆಂಡಿನ ಡರ್ಹಂನಲ್ಲಿ ಕ್ಯಾಂಪೋಸ್ ಮತ್ತು ರಿಚರ್ಡ್‌ಸನ್ ಅವರು ಈ ಪ್ರೋಟೀನಿನಲ್ಲಿ ೧೨೨ ಅಮೈನೋ ಆಮ್ಲಗಳಿರುವುದನ್ನೂ ಅವುಗಳ ಕ್ರಮವನ್ನೂ ಪ್ರಕಟಿಸಿದರು. ೧೯೯೫ರಲ್ಲಿ ಸ್ಟ್ರೋಬ್ಲ್ ಮತ್ತು ಸಂಗಡಿಗರು ದ್ರಾವಣದಲ್ಲಿ ಅದರ ಆಕೃತಿಯನ್ನು ಕಾಂತೀಯ ಅನುರಣನ ವಿಧಾನದಿಂದ ಕಂಡುಹಿಡಿದರು; ೧೯೯೮ರಲ್ಲಿ ಅವರೇ ಟೆನೆಬ್ರಿಯೋ ಎಂಬ ಹಿಟ್ಟಿನ ಹುಳುವಿನ ಅಮೈಲೇಸಿನೊಡನೆ ಅದು ಕೂಡಿಕೊಂಡಿರುವ ಸ್ಫಟಿಕದ ರಚನೆಯನ್ನು ಕ್ಷ-ಕಿರಣಗಳಿಂದ ಬಿಡಿಸಿದರು. ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯ ಟಿ. ಪಿ. ಸಿಂಗ್ ಅವರೂ ಅವರ ಸಹೋದ್ಯೋಗಿಗಳೂ ಬಿಡಿ ಪ್ರೋಟೀನಿನ ಸ್ಫಟಿಕ ರಚನೆಯನ್ನು ೨೦೦೦ದಲ್ಲಿ ಪ್ರಕಟಿಸಿದರು.

ಈ ರಚನೆಗಳು ತೋರಿಸಿದುದೇನು? ಟ್ರಿಪ್ಸಿನ್ನನ್ನು ಹಿಡಿಯುವ ಕುಣಿಕೆಯ ತುದಿಯಲ್ಲಿ ೩೪ನೆಯ ಅಮೈನೋ ಆಮ್ಲವಿದೆ, ಅದು ಆರ್ಜಿನೀನ್. ಅಮೈಲೇಸಿನ ಸೀಳಿನೊಳಕ್ಕೆ ಬಾಣದ ಮೊನೆಯಂತೆ ಹೊಗುವುದು ಸರಪಣಿಯ ಮೊಟ್ಟಮೊದಲ ತುದಿ. ಅಲ್ಲಿ ಬಿಡಿಯಾದ ಅಮೈನೋ ಗುಂಪೊಂದಿದೆ. ಮಣಿಪಾಲದ ಪ್ರಯೋಗಾಲಯದಲ್ಲಿ ಕಣ್ಣಿಗೆ ಕಾಣದೆ ಊಹಿಸಿದ ಎರಡು ಸ್ಥಾನಗಳು ಹದಿನೇಳು ವರ್ಷಗಳ ತರುವಾಯ ಕಣ್ಣಿಗೆ ಬಿದ್ದುವು. ಊಹೆಯು ಪ್ರಯೋಗಕ್ಕೆ ತಲೆಬಾಗಿದ್ದರಿಂದಲೇ ಅದು ಉಳಿಯಿತು ಎಂಬುದನ್ನು ಇಲ್ಲಿ ಗಮನಿಸಬೇಕು.

೩

ಈಗ ಗಣಕದ ಪ್ರಬಂಧಗಳಿಗೆ ಬರೋಣ. ಅವುಗಳ ಕ್ರಮ ಹೆಚ್ಚುಕಡಮೆ ಒಂದೇ. ಧಾನ್ಯವೊಂದರ ಜೀನಿನಿಂದ ಪ್ರೋಟೀನಿನ ಅಕ್ಷರಕ್ರಮವನ್ನು ಸಂಗ್ರಹದಿಂದ ತೆಗೆದುಕೊಳ್ಳುವುದು. ಅದನ್ನು ಹೋಲುವ, ರಚನೆ ತಿಳಿದ ಇನ್ನೊಂದು ಪ್ರೋಟೀನಿನ ಅಚ್ಚಿನಲ್ಲಿ ಮಾದರಿಯನ್ನು ಕಟ್ಟುವುದು. ಮಾದರಿಯು ರಾಮಚಂದ್ರನ್ ನಕ್ಷೆಯ ಪರೀಕ್ಷೆಯಲ್ಲಿ ತೇರ್ಗಡೆಯಾಯಿತೆಂದು ಹೇಳುವುದು. ಅದನ್ನು ಕೀಟದ ಕಿಣ್ವವೊಂದಕ್ಕೆ ಗಣಕದಲ್ಲಿಯೇ ಜೋಡಿಸಿ, ಜೋಡಣೆಯ ಅಂಕಗಳನ್ನು ಕೋಷ್ಟಕದಲ್ಲಿ ಕೊಡುವುದು. ಕೊನೆಗೆ, ಈ ಪ್ರೋಟೀನಿನಿಂದ ಕೀಟನಿರೋಧಕ ತಳಿಯನ್ನು ಪಡೆಯಬಹುದೆಂದು ಮುಗಿಸುವುದು. ಪ್ರತಿ ಹೆಜ್ಜೆಯೂ ನ್ಯಾಯವಾದುದೇ. ಆದರೆ ಹೆಜ್ಜೆಯಿಂದ ಹೆಜ್ಜೆಗೆ ಸಂದೇಹವು ಬೆಳೆಯುತ್ತದೆ; ಪ್ರಬಂಧದ ಧ್ವನಿಯಲ್ಲಿ ಮಾತ್ರ ನಿಶ್ಚಯವು ಬೆಳೆಯುತ್ತದೆ. ನಮ್ಮ ಆಕ್ಷೇಪದ ಸಾರವೆಲ್ಲ ಇಷ್ಟೆ.

ರಾಮಚಂದ್ರನ್ ನಕ್ಷೆಯನ್ನೇ ನೋಡೋಣ. ಜಿ. ಎನ್. ರಾಮಚಂದ್ರನ್, ರಾಮಕೃಷ್ಣನ್, ಶಶಿಶೇಖರನ್ ಅವರು ಮದರಾಸಿನಲ್ಲಿ ೧೯೬೩ರಲ್ಲಿ ಅದನ್ನು ರಚಿಸಿದರು. ರಾಮಚಂದ್ರನ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಆಣವಿಕ ಜೀವಭೌತ ವಿಭಾಗವನ್ನು ಕಟ್ಟಿದರು. ಪರಮಾಣುಗಳು ಒಂದನ್ನೊಂದು ತುಳಿಯದಂತೆ ಸರಪಣಿಯು ಎಲ್ಲೆಲ್ಲಿ ಬಾಗಬಹುದು, ಎಲ್ಲೆಲ್ಲಿ ಬಾಗಲಾರದು ಎಂಬುದನ್ನು ಆ ನಕ್ಷೆ ಹೇಳುತ್ತದೆ. ಮಾದರಿಯೊಂದು ಅದಕ್ಕೆ ಒಗ್ಗದಿದ್ದರೆ ಆ ಮಾದರಿಯನ್ನು ಶಂಕಿಸಬೇಕಾದುದು ಸರಿ. ಆದರೆ ಒಗ್ಗಿದ ಮಾತ್ರಕ್ಕೆ ಅದು ನಿಜವೆಂದಾಗದು. ಮಾತ್ರೆಗಳ ಲೆಕ್ಕ ತಪ್ಪಿದರೆ ಅದು ಷಟ್ಪದಿಯಲ್ಲ. ಲೆಕ್ಕ ಸರಿಹೋದ ಮಾತ್ರಕ್ಕೆ ಅದು ಕಾವ್ಯವೂ ಅಲ್ಲ. ಛಂದಸ್ಸಿನ ಪರೀಕ್ಷೆಯನ್ನು ಕಾವ್ಯದ ಪರೀಕ್ಷೆಯೆಂದು ತಿಳಿಯುವ ತಪ್ಪನ್ನು ಸಾಹಿತ್ಯದಲ್ಲಿ ಯಾರೂ ಒಪ್ಪುವುದಿಲ್ಲ; ವಿಜ್ಞಾನದಲ್ಲಿ ಏಕೆ ಒಪ್ಪಬೇಕು?

ಎರಡನೆಯದು, ಸರಪಣಿಯ ತುದಿಯ ಪ್ರಶ್ನೆ. ಇಂಥ ಪ್ರೋಟೀನುಗಳು ಜೀವಕೋಶದಲ್ಲಿ ಹುಟ್ಟುವಾಗ ಮುಂದುಗಡೆ ಇಪ್ಪತ್ತು ಮೂವತ್ತು ಅಮೈನೋ ಆಮ್ಲಗಳ ಒಂದು ಸಂಜ್ಞಾಭಾಗವನ್ನು ಹೊತ್ತು ಬರುತ್ತವೆ. ಸರಿಯಾದ ಎಡೆಗೆ ಸಾಗಿಸುವುದು ಅದರ ಕೆಲಸ. ಆ ಕೆಲಸ ತೀರುತ್ತಲೇ ಕೋಶವು ಅದನ್ನು ಕತ್ತರಿಸಿಬಿಡುತ್ತದೆ. ಜೀನಿನಿಂದ ಓದಿದ ಕ್ರಮದಲ್ಲಿ ಈ ಭಾಗವು ಸೇರಿಯೇ ಇರುತ್ತದೆ. ಅದನ್ನು ತೆಗೆಯದೆ ಮಾದರಿಯನ್ನು ಕಟ್ಟಿದರೆ ರಾಗಿಯ ಪ್ರೋಟೀನಿನಲ್ಲಿ ಆಗುವ ಅನರ್ಥವೇನೆಂಬುದನ್ನು ಓದುಗರು ಈಗ ಊಹಿಸಬಲ್ಲರು: ಅಮೈಲೇಸಿನ ಸೀಳಿಗೆ ಹೊಗಬೇಕಾದ ಬಾಣದ ಮೊನೆಯ ಮೇಲೆ, ನಿಜವಾದ ಕಾಳಿನಲ್ಲಿ ಇಲ್ಲವೇ ಇಲ್ಲದ ಒಂದು ಗೊಂಚಲು ಕುಳಿತಿರುತ್ತದೆ. ಇದು ಇತರರ ಮೇಲಿನ ದೂರಲ್ಲ. ನಮ್ಮ ವಿಭಾಗದ ತರಗತಿಯ ಅಭ್ಯಾಸವೊಂದರಲ್ಲಿಯೇ ಈ ತಪ್ಪು ನಡೆಯಿತು. ಗಣಕವು ಯಾವ ಸಂಕೋಚವೂ ಇಲ್ಲದೆ ಒಂದು ಅಂಕವನ್ನು ಕೊಟ್ಟಿತು. ಅಂಕವು ಚೆನ್ನಾಗಿಯೇ ಇತ್ತು. ತಿದ್ದಬೇಕಾಗಿದ್ದ ನಾವೂ ಮೊದಲನೆಯ ಓದಿನಲ್ಲಿ ತಪ್ಪನ್ನು ಕಾಣಲಿಲ್ಲ. ಅಂದು ನಮಗಾದ ನಾಚಿಕೆಯೇ ಈ ಲೇಖನಕ್ಕೆ ಮೂಲವೆಂದು ಒಪ್ಪಿಕೊಳ್ಳುವುದರಲ್ಲಿ ಸಂಕೋಚವಿಲ್ಲ.

ಮೂರನೆಯದು ಇನ್ನೂ ಸೂಕ್ಷ್ಮವಾದುದು. ಬಿಡಿಯಾಗಿರುವಾಗ ರಾಗಿಯ ಪ್ರೋಟೀನಿನ ಮೊದಲ ಐದು ಅಮೈನೋ ಆಮ್ಲಗಳು ನಿಶ್ಚಿತ ಆಕಾರವಿಲ್ಲದೆ ಓಲಾಡುತ್ತಿರುತ್ತವೆ. ಅಮೈಲೇಸಿನ ಸೀಳನ್ನು ಹೊಕ್ಕಾಗ ಮಾತ್ರ ಅವು ಸುರುಳಿಯಾಗಿ ಗಟ್ಟಿಗೊಳ್ಳುತ್ತವೆ. ಎಂದರೆ, ಬೀಗದ ಕೈಯ ಹಲ್ಲುಗಳು ಬೀಗದೊಳಕ್ಕೆ ಹೋದ ಮೇಲೆ ರೂಪುಗೊಳ್ಳುತ್ತವೆ. ಎರಡು ಗಟ್ಟಿ ವಸ್ತುಗಳನ್ನು ಒಂದಕ್ಕೊಂದು ಹೊಂದಿಸಿ ನೋಡುವ ಜೋಡಣೆಯ ಲೆಕ್ಕದಲ್ಲಿ ಇಂಥ ಘಟನೆಗೆ ಎಡೆಯಿಲ್ಲ. ಹಾಗಿದ್ದರೂ ಆ ಲೆಕ್ಕವು ಉತ್ತರವನ್ನು ಕೊಡದೆ ಇರುವುದಿಲ್ಲ. ಯಾವ ಎರಡು ಪ್ರೋಟೀನುಗಳನ್ನು ಒಪ್ಪಿಸಿದರೂ ಗಣಕವು ಅವನ್ನು ಹೇಗೋ ಒಂದು ರೀತಿಯಲ್ಲಿ ಕೂಡಿಸಿ ಅಂಕವನ್ನು ಬರೆಯುತ್ತದೆ. ಇವೆರಡೂ ಕೂಡುವುದಿಲ್ಲ ಎಂದು ತಾನಾಗಿ ಹೇಳುವುದು ಅಪರೂಪ. ಯಾವ ವರನನ್ನು ಕರೆತಂದರೂ ಸಾಲಾವಳಿ ಚೆನ್ನಾಗಿದೆಯೆಂದು ಹೇಳುವ ಜೋಯಿಸರ ಮಾತಿಗೆ ಎಷ್ಟು ಬೆಲೆಯೋ ಅಷ್ಟೇ ಬೆಲೆ, ತಡೆಯದ ಪ್ರೋಟೀನೊಂದನ್ನು ಹೋಲಿಕೆಗಾಗಿ ಪಕ್ಕದಲ್ಲಿರಿಸದ ಅಂಕಕ್ಕೆ.

ನಾಲ್ಕನೆಯದು ಶತ್ರುವಿನ ಪ್ರಶ್ನೆ. ಹಿಟ್ಟಿನ ಹುಳುವಿನ ಅಮೈಲೇಸನ್ನು ರಾಗಿಯ ಪ್ರೋಟೀನು ತಡೆಯುತ್ತದೆಂಬುದು ನಿಶ್ಚಿತ. ಆದರೆ ಹೊಲದಲ್ಲಿ ರಾಗಿಯನ್ನು ಕಾಡುವುದು ಕಾಂಡಕೊರಕ ಹುಳು. ಅದಕ್ಕಿಂತಲೂ ಹೆಚ್ಚಾಗಿ ಎಲೆ, ಕತ್ತು, ತೆನೆಗಳನ್ನು ಸುಡುವ ಬೆಂಕಿ ರೋಗ. ಬೆಂಕಿ ರೋಗವನ್ನು ತರುವುದು ಶಿಲೀಂಧ್ರ, ಹುಳುವಲ್ಲ. ಒಂದು ಕೀಟದ ಕಿಣ್ವದಿಂದ ಇನ್ನೊಂದು ಕೀಟಕ್ಕೂ, ಕೀಟದಿಂದ ಶಿಲೀಂಧ್ರಕ್ಕೂ ಹಾರುವ ಮಾತಿಗೆ ಪ್ರತ್ಯೇಕವಾದ ಪ್ರಮಾಣ ಬೇಕು. ಕೀಟಗಳೂ ಸುಮ್ಮನಿರುವುದಿಲ್ಲ: ತಡೆಯೊಡ್ಡುವ ಪ್ರೋಟೀನನ್ನು ಆಹಾರದಲ್ಲಿ ಕೊಟ್ಟಾಗ, ಆ ತಡೆಗೆ ಸಿಕ್ಕದ ಬೇರೆ ಕಿಣ್ವಗಳನ್ನು ಉತ್ಪಾದಿಸುವ ಕಂಬಳಿಹುಳುಗಳು ಉಂಟೆಂಬುದು ತಿಳಿದ ವಿಷಯ.

೪

ಬಿಡಿ ಪ್ರೋಟೀನಿನಿಂದ ಇಡೀ ಜೀನ್‌ಸಮೂಹಕ್ಕೆ ಹೋದರೂ ಇದೇ ಎಚ್ಚರಿಕೆ ಅಗತ್ಯ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರ ನೇತೃತ್ವದಲ್ಲಿ ಎಂ. ಎಲ್. ೩೬೫ ಎಂಬ ರಾಗಿ ತಳಿಯ ಜೀನ್‌ಸಮೂಹವು ೨೦೧೭ರಲ್ಲಿ ಪ್ರಕಟವಾಯಿತು. ನಾಡಿನ ಬಡಧಾನ್ಯವೆಂದು ಕಡೆಗಣಿತವಾಗಿದ್ದ ಬೆಳೆಗೆ ಸಂದ ಈ ಗೌರವ ದೊಡ್ಡದು. ಅದರಲ್ಲಿ ೮೫,೨೪೩ ಜೀನುಗಳನ್ನು ಎಣಿಸಿದ್ದರು. ರೋಗನಿರೋಧಕ್ಕೆ ಸಂಬಂಧಿಸಿದುವೆಂದು ೧,೭೬೬ನ್ನು ಗುರುತಿಸಿದ್ದರು. ಮರುವರ್ಷ, ೨೦೧೮ರಲ್ಲಿ, ಪಿ. ಆರ್. ೨೦೨ ಎಂಬ ಇನ್ನೊಂದು ತಳಿಯ ಜೀನ್‌ಸಮೂಹವು ಪ್ರಕಟವಾದಾಗ ಎಣಿಕೆಯು ೬೨,೩೪೮ ಆಗಿತ್ತು. ಎರಡು ತಳಿಗಳ ನಡುವೆ ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕ ಜೀನುಗಳ ವ್ಯತ್ಯಾಸ ಇರಲಾರದು. ವ್ಯತ್ಯಾಸದ ಬಹುಭಾಗ ಇರುವುದು ಎಣಿಸುವ ವಿಧಾನದಲ್ಲಿ, ತುಣುಕುಗಳನ್ನು ಜೋಡಿಸುವ ವಿಧಾನದಲ್ಲಿ. ಇದರಿಂದ ಯಾರ ಶ್ರಮಕ್ಕೂ ಕುಂದಿಲ್ಲ. ಎರಡು ಪೂರ್ವಜ ಸಸ್ಯಗಳ ಜೀನ್‌ಸಮೂಹಗಳು ಕೂಡಿ ಆದ ರಾಗಿಯಲ್ಲಿ, ಒಂದರಂತೆ ಇನ್ನೊಂದು ಕಾಣುವ ಭಾಗಗಳನ್ನು ಬಿಡಿಸುವುದು ಕಷ್ಟತರವಾದ ಕೆಲಸ. ನಾವು ಹೇಳುವುದಿಷ್ಟು: ೧,೭೬೬ ಎಂಬುದು ಹೋಲಿಕೆಯಿಂದ ಬಂದ ಎಣಿಕೆ. ನಿಘಂಟಿನಲ್ಲಿ ‘ಕತ್ತಿ’ ಎಂಬ ಶಬ್ದಕ್ಕೆ ಹೋಲುವ ಶಬ್ದಗಳನ್ನೆಲ್ಲ ಲೆಕ್ಕಹಾಕಿದರೆ ಸೈನ್ಯದ ಬಲ ತಿಳಿಯುವುದಿಲ್ಲ.

ಇನ್ನೊಂದು ಪ್ರಲೋಭನೆಯೂ ಉಂಟು. ಅದು ನಮ್ಮ ನಾಡಿಗೇ ವಿಶಿಷ್ಟವಾದುದು. ಹಿಂದೆ ನಮ್ಮ ರೈತರು ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ, ಬಾಯಿ ಮುಚ್ಚಿ, ವರ್ಷಗಟ್ಟಲೆ ಇಡುತ್ತಿದ್ದರು. ಬರಗಾಲದಲ್ಲಿ ತೆಗೆದಾಗ ಕಾಳು ಹುಳು ಹಿಡಿಯದೆ ಇರುತ್ತಿತ್ತು. ಈ ಸಂಗತಿಯನ್ನೂ ಕಾಳಿನ ರಕ್ಷಕ ಪ್ರೋಟೀನನ್ನೂ ಒಂದೇ ವಾಕ್ಯದಲ್ಲಿ ಕಟ್ಟಿಬಿಡಬೇಕೆಂಬ ಆಸೆ ಯಾರಿಗಾದರೂ ಆಗುವಂಥದೇ. ಆದರೆ ಹಗೇವಿನಲ್ಲಿ ಗಾಳಿಯಾಡುವುದಿಲ್ಲ. ರಾಗಿಯ ಕಾಳು ಚಿಕ್ಕದು, ಅದರ ಸಿಪ್ಪೆಯಲ್ಲಿ ಒಗರಾದ ಪದಾರ್ಥಗಳಿವೆ. ಇವುಗಳಲ್ಲಿ ಯಾವುದರ ಪಾಲು ಎಷ್ಟೆಂಬುದನ್ನು ಬೇರ್ಪಡಿಸಿ ಅಳೆಯದೆ ಪ್ರೋಟೀನಿಗೇ ಕೀರ್ತಿಯನ್ನೆಲ್ಲ ಒಪ್ಪಿಸಿದರೆ, ಅದು ಹಿರಿಯರ ಅನುಭವಕ್ಕೂ ನ್ಯಾಯವಲ್ಲ, ವಿಜ್ಞಾನಕ್ಕೂ ನ್ಯಾಯವಲ್ಲ.

ತಿನ್ನುವವರ ಮಾತನ್ನೂ ಮರೆಯಕೂಡದು. ರಾಗಿಯ ಈ ಪ್ರೋಟೀನು ಹುಳುವಿನ ಅಮೈಲೇಸನ್ನು ಮಾತ್ರವಲ್ಲ, ಹಂದಿಯ ಮೇದೋಜೀರಕಾಂಗದ ಅಮೈಲೇಸನ್ನೂ ತಡೆಯುತ್ತದೆ. ಉಪ್ಪಿನೊಡನೆ ಒಂದು ಗಂಟೆಯ ಕಾಲ ಕುದಿಯುವ ಶಾಖದಲ್ಲಿಟ್ಟರೂ ಅದರ ಶಕ್ತಿ ಉಳಿಯುತ್ತದೆಂದೂ, ಜಠರದ ಕಿಣ್ವವಾದ ಪೆಪ್ಸಿನ್ನಿಗೆ ಕ್ರಮೇಣ ಸೋಲುತ್ತದೆಂದೂ ಮಣಿಪಾಲದ ವಿದ್ವಾಂಸರು ಆಗಲೇ ಹೇಳಿದ್ದರು. ತಲೆತಲಾಂತರದಿಂದ ಮುದ್ದೆಯನ್ನುಂಡು ಬೆಳೆದ ನಮಗೆ ಇದರಿಂದ ಭಯವೇನೂ ಇಲ್ಲ. ಆದರೆ ಇದೇ ಕುಲದ ಗೋಧಿಯ ಪ್ರೋಟೀನುಗಳು ಹಿಟ್ಟಿನ ಧೂಳಿನಲ್ಲಿ ದುಡಿಯುವವರಿಗೆ ಬರುವ ಉಬ್ಬಸಕ್ಕೆ ಕಾರಣಗಳಲ್ಲಿ ಸೇರಿವೆ. ಹೀಗಿರುವಲ್ಲಿ, ಈ ಪ್ರೋಟೀನನ್ನು ಬೆಳೆಗಳಲ್ಲಿ ಹೆಚ್ಚಿಸಬಹುದೆಂಬ ಸಲಹೆಯನ್ನು ಪ್ರಬಂಧದ ಕೊನೆಯ ಸಾಲಿನಲ್ಲಿ ಸುಲಭವಾಗಿ ಬರೆದು ಕೈತೊಳೆದುಕೊಳ್ಳುವುದು ಉಚಿತವಲ್ಲ.

೫

ಇಷ್ಟು ಹೇಳಿದುದರಿಂದ ನಾವು ಗಣಕದ ವಿರೋಧಿಗಳೆಂದು ಯಾರೂ ಭಾವಿಸಬಾರದು. ರಾಮಚಂದ್ರನ್ ಅವರ ಕೆಲಸವೂ ಲೆಕ್ಕವೇ ಅಲ್ಲವೆ? ಆದರೆ ಅದು ಸೋಲಲು ಸಿದ್ಧವಾಗಿದ್ದ ಲೆಕ್ಕ. ಇಂಥಿಂಥ ಬಾಗುಗಳು ಇರಲಾರವೆಂದು ಅದು ಮುಂಚಿತವಾಗಿ ಹೇಳಿತು. ಆಮೇಲೆ ಬಿಡಿಸಿದ ಒಂದೊಂದು ಸ್ಫಟಿಕವೂ ಅದನ್ನು ಪರೀಕ್ಷಿಸುವ ಅವಕಾಶವಾಯಿತು. ಪ್ರೋಟೀನುಗಳ ಆಕೃತಿಯನ್ನು ಅಕ್ಷರಕ್ರಮದಿಂದ ಊಹಿಸುವ ಆಲ್ಫಾಫೋಲ್ಡ್ ಎಂಬ ವಿಧಾನಕ್ಕಾಗಿ ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೂ, ಪ್ರೋಟೀನುಗಳನ್ನು ಗಣಕದಲ್ಲಿ ಹೊಸದಾಗಿ ರೂಪಿಸಿದುದಕ್ಕಾಗಿ ಡೇವಿಡ್ ಬೇಕರ್ ಅವರಿಗೂ ೨೦೨೪ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಆ ವಿಧಾನದ ಒಂದು ಗುಣವನ್ನು ನಾವು ವಿಶೇಷವಾಗಿ ಮೆಚ್ಚುತ್ತೇವೆ: ಅದು ಸರಪಣಿಯ ಒಂದೊಂದು ಭಾಗದ ವಿಷಯದಲ್ಲಿಯೂ ತನಗೆ ಎಷ್ಟು ಭರವಸೆಯಿದೆಯೆಂಬುದನ್ನು ತಾನೇ ಹೇಳುತ್ತದೆ. ಯಂತ್ರವು ತೋರುವ ಈ ವಿನಯವನ್ನು ಅದನ್ನು ಬಳಸುವವರು ತಮ್ಮ ಬರವಣಿಗೆಯಲ್ಲಿ ಅಳಿಸಿಹಾಕದಿದ್ದರೆ ಸಾಕು.

ಆದುದರಿಂದ, ಇನ್ನು ಮುಂದೆ ನಮ್ಮ ವಿಭಾಗಕ್ಕೆ ಬರುವ ಪ್ರಬಂಧಗಳಿಗೆ ನಾಲ್ಕು ಪ್ರಶ್ನೆಗಳನ್ನು ಹಾಕಬೇಕೆಂದು ನಮ್ಮ ಅಭಿಪ್ರಾಯ. ಮಾದರಿಯಲ್ಲಿರುವುದು ಕಾಳಿನಲ್ಲಿ ನಿಜವಾಗಿ ಇರುವ ಪ್ರೋಟೀನೇ? ತಡೆಯುವುದಿಲ್ಲವೆಂದು ಮೊದಲೇ ತಿಳಿದಿರುವ ಪ್ರೋಟೀನೊಂದಕ್ಕೂ ಇದೇ ಲೆಕ್ಕವನ್ನು ಹಾಕಿ ನೋಡಿದ್ದೀರಾ? ಆರಿಸಿದ ಕಿಣ್ವವು ಆ ಬೆಳೆಯ ನಿಜವಾದ ಶತ್ರುವಿನದೇ? ನಿಮ್ಮ ಊಹೆ ಸುಳ್ಳಾದರೆ ಅದನ್ನು ತೋರಿಸಿಕೊಡುವ ಪ್ರಯೋಗ ಯಾವುದು? ಕೊನೆಯ ಪ್ರಶ್ನೆಯೇ ಮುಖ್ಯವಾದುದು. ಆರ್ಜಿನೀನನ್ನು ಮಾರ್ಪಡಿಸಿ ನೋಡಿದಂಥ ಸಣ್ಣ ಪ್ರಯೋಗವು ಇಂದಿಗೂ ಸಾಮಾನ್ಯ ಪ್ರಯೋಗಾಲಯದ ಶಕ್ತಿಯನ್ನು ಮೀರಿದುದಲ್ಲ. ಉತ್ತರವಿಲ್ಲದ ಪ್ರಬಂಧವನ್ನು ತಿರಸ್ಕರಿಸಬೇಕೆಂದು ನಾವು ಹೇಳುವುದಿಲ್ಲ. ಅದರ ಶಿರೋನಾಮೆಯಲ್ಲಿ ‘ಊಹೆ’ ಎಂಬ ಮಾತು ಇರಬೇಕೆಂದಷ್ಟೇ ಹೇಳುತ್ತೇವೆ.

ಇದಕ್ಕೆಲ್ಲ ಇಷ್ಟು ಮಹತ್ವವೇಕೆಂದು ಕೇಳಬಹುದು. ಒಂದು ರಾಗಿ ತಳಿಯನ್ನು ಆರಿಸಿ, ಬೆರಸಿ, ಊರೂರಿನ ಹೊಲಗಳಲ್ಲಿ ಪರೀಕ್ಷಿಸಿ ರೈತರಿಗೆ ಕೊಡುವುದಕ್ಕೆ ಅನೇಕ ವರ್ಷಗಳು ಹಿಡಿಯುತ್ತವೆ. ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಬೆರಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರ ಕೆಲಸವು ಪೈರಿನ ಎದುರಿನಲ್ಲಿ ನಿಂತು ನಡೆದ ಕೆಲಸ. ಅಂಥ ಪರೀಕ್ಷೆಯ ಹೊಲದಲ್ಲಿ ಒಂದು ಮಡಿಯನ್ನು ದುರ್ಬಲವಾದ ಊಹೆಗೆ ಕೊಟ್ಟರೆ ಬಲವಾದ ಇನ್ನೊಂದು ಊಹೆಗೆ ಆ ಮಡಿ ಇಲ್ಲವಾಗುತ್ತದೆ. ಕಳೆದ ಮಳೆಗಾಲವು ಮರಳಿ ಬರುವುದಿಲ್ಲ. ಗಣಕದಲ್ಲಿ ಲೆಕ್ಕ ತಪ್ಪಿದರೆ ಮತ್ತೊಮ್ಮೆ ಹಾಕಬಹುದು. ಹೊಲದ ಲೆಕ್ಕ ಹಾಗಲ್ಲ. ಚಿಕ್ಕಜಾಲದ ಸುತ್ತಿನಲ್ಲಿ ಆ ಲೆಕ್ಕವನ್ನು ಹಾಕಲು ಉಳಿದಿರುವ ಹೊಲಗಳೇ ವರ್ಷವರ್ಷಕ್ಕೂ ಕಡಮೆಯಾಗುತ್ತಿವೆ. ತೆರೆಯ ಮೇಲೆ ಪ್ರೋಟೀನನ್ನು ತಿರುಗಿಸಿ ನೋಡುವ ನಮ್ಮ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆಯಾದರೂ, ಕೊಯ್ಲಿಗೆ ಮುಂಚೆ, ಆ ರಸ್ತೆಯಲ್ಲಿ ಇಳಿದು, ಬೆಂಕಿ ರೋಗ ತಗಲಿದ ಒಂದು ತೆನೆಯನ್ನು ಕೈಯಲ್ಲಿ ಹಿಡಿದು ನೋಡಲಿ ಎಂಬುದು ನಮ್ಮ ಕಡೆಯ ಸೂಚನೆ.